ಕುಕ್ಕುಟ ನಿಷ್ಕ್ರಮಣ ಮೀಮಾಂಸೆ

ಕೂಸನ್ನು ಮೊದಲ ಸಲ ಮನೆಯಿಂದ ಹೊರಗೆ ಕರೆತರುವ ನಿಷ್ಕ್ರಮಣ ಸಂಸ್ಕಾರಕ್ಕೆ ಶಾಸ್ತ್ರಕಾರರು ನಾಲ್ಕನೆಯ ತಿಂಗಳು ಎಂದು ಗೊತ್ತುಮಾಡಿದ್ದಾರೆ. ಕೋಳಿಮರಿಯ ವಿಷಯದಲ್ಲಿ ಅವರದು ಮೌನ. ಈ ಮೌನದ ಫಲವಾಗಿ ಬೆಳಗಾವಿಯ ವಡಗಾವಿಯ ಒಂದು ಪಡಸಾಲೆಯಲ್ಲಿ, ಟಿವಿ ಬಂದಿದ್ದ ರಟ್ಟಿನ ಡಬ್ಬಿಯೊಳಗೆ, ಹನ್ನೆರಡು ಜೀವಗಳು ಪ್ರಾಯಕ್ಕೆ ಬರುತ್ತಿವೆ. ಅವನ್ನು ಹಿತ್ತಲಿನ ಗೂಡಿಗೆ ಸಾಗಿಸುವ ಕಾಲ ಯಾವುದೆಂಬುದೇ ಇಲ್ಲಿನ ವಿಚಾರ. ಕುಮಾರಿಲಭಟ್ಟನ ಪಂಥ ಒಪ್ಪುವ ಆರೂ ಪ್ರಮಾಣಗಳನ್ನು ಇದಕ್ಕೆ ಹಚ್ಚಿ ನೋಡಲಾಗಿದೆ.

ಮೊದಲು ಪೂರ್ವಪಕ್ಷ. ಖಾನಾಪುರದ ನಮ್ಮ ಸೋದರಮಾವನ ಮತದಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಅಲ್ಲಿ ಜವಾರಿ ಹೇಂಟೆ ಇಪ್ಪತ್ತೊಂದು ದಿನ ಕಾವು ಕೂತು, ಮರಿ ಮಾಡಿ, ತಾನೇ ಅಂಗಳಕ್ಕೆ ಇಳಿಸುತ್ತದೆ. "ತಾಯಿ ಇರೂವಾಗ ನಡುವ ನೀ ಯಾಕೋ?" ಎಂಬುದು ಮಾವನ ಆಕ್ಷೇಪ. ಸಮಾಧಾನ: ನಮ್ಮವು ಹ್ಯಾಚರಿಯ ಗಿರಿರಾಜ ಮರಿಗಳು. ಇವುಗಳ ತಾಯಿ ಒಂದು ಬಲ್ಬು; ಅದು ಅಂಗಳಕ್ಕೆ ನಡೆದು ತೋರಿಸಲಾರದು. ಮೇಲಾಗಿ ಗಿರಿರಾಜ ರೂಪುಗೊಂಡದ್ದು ಬೆಂಗಳೂರಿನ ಹೆಬ್ಬಾಳದಲ್ಲಿ. ಬೆಂಗಳೂರಿನಿಂದ ಬೆಳಗಾವಿಗೆ ಬಂದವರು ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನಕ್ಕೆ ಹತ್ತು ದಿನ ಇದ್ದು ಮರಳುತ್ತಾರೆ. ಇವು ಮರಳುವ ಲಕ್ಷಣ ಕಾಣುತ್ತಿಲ್ಲ.

ಪ್ರತ್ಯಕ್ಷ ಪ್ರಮಾಣಕ್ಕೆ ಆಧಾರ ಗರಿ. ಮೊದಲ ವಾರ ಬಲ್ಬಿನ ಕೆಳಗೆ 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತ ಬಂದರೆ ಐದಾರು ವಾರಕ್ಕೆ ಒಳಗಿನ ಗಾಳಿಗೂ ಹೊರಗಿನ ಗಾಳಿಗೂ ಜಗಳ ಉಳಿಯುವುದಿಲ್ಲ. ಥರ್ಮಾಮೀಟರ್ ಇಲ್ಲದವರು ಮರಿಗಳನ್ನೇ ಓದಬಹುದು. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದಿದ್ದರೆ ಚಳಿ. ಮೂಲೆಗೆ ಸರಿದು ಕೊಕ್ಕು ತೆರೆದು ತೇಕುತ್ತಿದ್ದರೆ ಸೆಕೆ. ಡಬ್ಬಿಯ ತುಂಬ ಹರಡಿಕೊಂಡು ತಮ್ಮತಮ್ಮಲ್ಲೇ ತಕರಾರು ಮಾಡುತ್ತಿದ್ದರೆ ಎಲ್ಲ ಸರಿಯಿದೆ. ಆದರೆ ಪ್ರತ್ಯಕ್ಷದಲ್ಲೂ ಭ್ರಮೆಗೆ ಎಡೆಯುಂಟು. ರೆಕ್ಕೆಯ ಗರಿ ಮೊದಲ ವಾರದಲ್ಲೇ ಮೂಡಿ, ಮರಿ ದೊಡ್ಡದಾಯಿತೆಂದು ಸುಳ್ಳು ಹೇಳುತ್ತದೆ. ಹಗ್ಗವನ್ನು ಹಾವೆಂದು ಕಂಡವರೇ ಇಲ್ಲಿ ಮರಿಯನ್ನು ಕೋಳಿಯೆಂದು ಕಾಣುವುದು. ಮರಿಯನ್ನು ಅಂಗೈಯಲ್ಲಿ ಮಲಗಿಸಿ ಹೊಟ್ಟೆಯ ಮೇಲೆ ಉಫ್ ಎಂದು ಊದಬೇಕು. ನುಣುಪು ತುಪ್ಪಳ ಚದುರಿ ಗುಲಾಬಿ ಚರ್ಮ ಕಂಡರೆ ನಿಷ್ಕ್ರಮಣ ಮುಂದಕ್ಕೆ.

ಅನುಮಾನ: ಟಿವಿಯ ಮೇಲೆ ಹಿಕ್ಕೆ ಕಾಣುತ್ತಿದೆ, ಆದ್ದರಿಂದ ಮರಿ ಡಬ್ಬಿ ದಾಟಬಲ್ಲದು. ವ್ಯಾಪ್ತಿ ನಿರ್ದುಷ್ಟವಾಗಿದೆ; ಟಿವಿಯ ಬಗ್ಗೆ ಹಾಗೆ ಹೇಳಲಾಗದು. ಉಪಮಾನ ಇಲ್ಲಿ ನಿರುಪಯೋಗಿ. ಗೋವಿನಂತೆ ಗವಯ ಎನ್ನಬಹುದು. ನಾಲ್ಕನೇ ವಾರದ ಕೋಳಿಮರಿ ಯಾವುದರಂತೆಯೂ ಇರುವುದಿಲ್ಲ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆ ಎಂಬುದು ಅರ್ಥಾಪತ್ತಿ. ಫೀಡಿನ ಚೀಲ ಕರಗದೆ ಮರಿಗಳು ದಪ್ಪಗಾಗುತ್ತಿದ್ದರೆ ಅಜ್ಜ ಕದ್ದು ಜೋಳದ ನುಚ್ಚು ಹಾಕುತ್ತಿದ್ದಾನೆ ಎಂಬುದೂ ಅದೇ.

ಶಬ್ದಪ್ರಮಾಣ ಎರಡು ಬಗೆ. ಪಶುವೈದ್ಯರದು ಮೊದಲನೆಯದು: ಮೊದಲ ವಾರ ರಾಣಿಖೇತ್ ರೋಗಕ್ಕೆ ಕಣ್ಣಿನ ಹನಿ, ಎರಡನೇ ವಾರದ ಹೊತ್ತಿಗೆ ಗುಂಬೊರೊ ಲಸಿಕೆ, ಅವಿಲ್ಲದೆ ಹೊರಗಿನ ಮಾತೇ ಬೇಡ. ಎರಡನೆಯದು ಅವ್ವನದು: "ಇವತ್ತ ಅವಾದ್ರೂ ಹೊರಗ ಹೋಗಬೇಕು, ಇಲ್ಲಾ ನಾನಾದ್ರೂ ಹೋಗಬೇಕು ನೋಡಪಾ." ಇದು ಸ್ವತಃಪ್ರಮಾಣ. ಇದಕ್ಕೆ ಬೇರೆ ಸಾಕ್ಷಿ ಕೇಳುವ ಧೈರ್ಯ ಕುಮಾರಿಲನಿಗೂ ಇರುತ್ತಿರಲಿಲ್ಲ.

ದೇಶಕಾಲ ವಿಚಾರ. ಮಲಪ್ರಭೆ ಹುಟ್ಟುವ ಕಣಕುಂಬಿ, ಜಾಂಬೋಟಿಗಳ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಬೇಗ ಬಿಡುವುದಿಲ್ಲ. ನೆಲಕ್ಕೆ ತಾಗಿದ ಗೂಡಿನಲ್ಲಿ ಹಾಸಿದ ಭತ್ತದ ಹೊಟ್ಟು ನೆನೆದರೆ ಕಾಕ್ಸಿಡಿಯೋಸಿಸ್ ಹಿಡಿದು ಹಿಕ್ಕೆಯಲ್ಲಿ ರಕ್ತ ಕಾಣಿಸುತ್ತದೆ. ಆದ್ದರಿಂದ ಗೂಡು ಕಾಲುಗಳ ಮೇಲೆ ನಿಲ್ಲಬೇಕು, ಮೇಲೆ ಖಾನಾಪುರದ ಹೆಂಚು ಹೊದಿಸಬೇಕು. ಮನುಷ್ಯರೆಲ್ಲ ಸ್ಲ್ಯಾಬಿನ ಕೆಳಗೆ ಹೋದ ಮೇಲೆ ಆ ಒಳ್ಳೆಯ ಹೆಂಚಿನ ಬೆಲೆ ತಿಳಿದವು ಕೋಳಿಗಳೇ.

ಗೂಡಿನಲ್ಲಿ ಮೊದಲೇ ಹಳೆಯ ಹೇಂಟೆಗಳಿದ್ದರೆ ಗಡಿ ವಿವಾದ ಖಚಿತ. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬೇಕೆಂಬ ಶ್ರೇಣಿ ಇದೆಯೆಂದು ನಾರ್ವೆಯ ಶೆಲ್ಡೆರಪ್-ಎಬ್ಬೆ 1920ರ ದಶಕದ ಆರಂಭದಲ್ಲೇ ಬರೆದಿಟ್ಟಿದ್ದಾನೆ. ನಡುವೆ ಜಾಲರಿ ಕಟ್ಟಿ ಒಂದು ವಾರ ಎರಡೂ ಕಡೆಯವರು ಬರೀ ನೋಡುತ್ತಿರಬೇಕು. ಗಡಿಯನ್ನು ನೋಡುತ್ತ ಕೂರುವ ಅಭ್ಯಾಸ ಈ ಜಿಲ್ಲೆಗೆ 1967ರ ಮಹಾಜನ ವರದಿಯ ಕಾಲದಿಂದಲೂ ಇರುವುದರಿಂದ ಬೇರೆ ತರಬೇತಿ ಬೇಡ.

ಉಳಿದದ್ದು ಅನುಪಲಬ್ಧಿ: ಬೆಳಿಗ್ಗೆ ಎಣಿಸಿದಾಗ ಹನ್ನೊಂದೇ ಕಂಡರೆ ಹನ್ನೆರಡನೆಯದರ ಅಭಾವ ಸಿದ್ಧ. ಕಾರಣ ವಡಗಾವಿಯಲ್ಲಿ ಮುಂಗುಸಿ. ಭೀಮಗಡದ ಕಾಡಿನತ್ತ ಪುನುಗು ಬೆಕ್ಕೂ ಸೇರಿಕೊಳ್ಳುತ್ತದೆ. ಅಗಲ ಕಣ್ಣಿನ ಕೋಳಿಜಾಲರಿ ಕೋಳಿಯನ್ನು ಒಳಗೆ ಇಡುತ್ತದೆಯೇ ಹೊರತು ಮುಂಗುಸಿಯನ್ನು ಹೊರಗೆ ಇಡುವುದಿಲ್ಲ. ಅರ್ಧ ಇಂಚಿನ ಬೆಸುಗೆ ಜಾಲರಿಯೇ ಬೇಕು. ಹೊಸಬರನ್ನು ನಾಲ್ಕೈದು ದಿನ ಗೂಡಿನಲ್ಲೇ ಕೂಡಿಹಾಕಬೇಕು. ಇಲ್ಲವಾದರೆ ಸಂಜೆ ಗೂಡು ಮರೆತು ಅಡುಗೆಮನೆಯ ಹಿಂಬಾಗಿಲಿಗೆ ಗುಂಪುಗಟ್ಟಿ ನಿಲ್ಲುತ್ತವೆ. ಆಗ ಒಂದೊಂದನ್ನೇ ಹಿಡಿದು ಒಳಗೆ ಹಾಕುವ ಕರ್ಮಕ್ಕೆ ಅಧಿಕಾರಿ ಯಾರೆಂಬುದು ಮೀಮಾಂಸೆಯಲ್ಲಿ ಬಹಳ ಜಟಿಲವಾದ ಪ್ರಶ್ನೆ. ಅಡುಗೆಮನೆಯ ಶಬ್ದಪ್ರಮಾಣ ಮಾತ್ರ ಆಗಿನಿಂದ ಪ್ರಬಂಧಕಾರನನ್ನೇ ಹೆಸರು ಹಿಡಿದು ಕೂಗುತ್ತಿದೆ.