ಟೊಳ್ಳು ಗಿಟಾರಿನ ಕರ್ಣಪಲ್ಲಟ: ಒಂದು ಮೀಮಾಂಸೆ

ಪ್ರಥಮತಃ ಅಧಿಕಾರಿನಿರ್ಣಯ. ಈ ಶಾಸ್ತ್ರಕ್ಕೆ ಯಾರು ಅರ್ಹರು? ಗಿಟಾರ್ ಕೆಟ್ಟವರಲ್ಲ; ಅವರಿಗೆ ರಿಪೇರಿಯವನಿದ್ದಾನೆ. ಗಿಟಾರ್ ಚೆನ್ನಾಗಿಯೇ ನುಡಿಯುತ್ತಿದ್ದು, ರಾತ್ರಿ ಹನ್ನೊಂದರ ಮೇಲೆ 'ಇನ್ನೂ ಚೆನ್ನಾಗಿ ನುಡಿಯಬಹುದಿತ್ತೇನೋ' ಎಂಬ ಶಂಕೆ ಯಾರಿಗೆ ಹುಟ್ಟುತ್ತದೋ ಅವರೇ ಅಧಿಕಾರಿಗಳು. ಪ್ರಕೃತ ಲೇಖಕನಿಗೆ ಈ ಶಂಕೆ ಹುಟ್ಟಿ ಎರಡು ವರ್ಷವಾಯಿತು. ಮನೆಯವರು ಇದನ್ನು ಬೇರೆ ಹೆಸರಿನಿಂದ ಕರೆಯುತ್ತಾರೆ. ಆ ಪಾಠಾಂತರವನ್ನು ಇಲ್ಲಿ ಕೈಬಿಟ್ಟಿದೆ.

ಈ ಶಂಕೆಗೆ ಶಾಸ್ತ್ರೋಕ್ತ ಪರಿಹಾರ ಪಿಕಪ್ ಬದಲಿಸುವುದು. ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿ ಮಾಡಿದ ಕಿವಿ. ಮೇಲೆ ಉಕ್ಕಿನ ತಂತಿ ಅದುರಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಅದು ಗಿಟಾರಿನ ಬಾಯಲ್ಲ, ಕಿವಿ ಎಂಬುದನ್ನು ಮರೆಯತಕ್ಕದ್ದಲ್ಲ.

ಇನ್ನು ಟೊಳ್ಳು ಗಿಟಾರ್. ಇದು ಮರದಲ್ಲಿ ಕೆತ್ತಿದ ವಿರೋಧಾಭಾಸಾಲಂಕಾರ. ದನಿ ದೊಡ್ಡದಾಗಲೆಂದು ಹೊಟ್ಟೆಯನ್ನು ಟೊಳ್ಳು ಮಾಡಿ, ಎಫ್ ಆಕಾರದ ಎರಡು ಕಂಡಿ ಕೊರೆದರು. ಜಾಜ್ ತಂಡದ ತುತ್ತೂರಿಗಳ ಮುಂದೆ ಅದೂ ಸಾಲದೆ, 1936ರಲ್ಲಿ ಗಿಬ್ಸನ್ ಕಂಪನಿ ಇಎಸ್-150 ಎಂಬ ಮಾದರಿಗೆ ಪಿಕಪ್ ಕೂರಿಸಿತು. ಅದನ್ನೇ ಹಿಡಿದ ಚಾರ್ಲಿ ಕ್ರಿಶ್ಚಿಯನ್ 1939ರಲ್ಲಿ ಬೆನ್ನಿ ಗುಡ್‌ಮನ್ ತಂಡ ಸೇರಿ, ಸ್ಯಾಕ್ಸೊಫೋನಿಗೆ ಎದುರು ನಿಂತು ಒಂಟಿ ಸ್ವರಗಳನ್ನು ನುಡಿಸಿ, 1942ರಲ್ಲಿ ಇಪ್ಪತ್ತೈದೇ ವಯಸ್ಸಿಗೆ ತೀರಿಕೊಂಡ. ಆ ಪಿಕಪ್ಪನ್ನು ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ. ದನಿ ಏರಿದ ಮೇಲೆ ಹೊಸ ಪೀಡೆ: ಆಂಪ್ಲಿಫೈಯರಿನ ಸದ್ದಿಗೆ ಟೊಳ್ಳು ಹೊಟ್ಟೆಯೂ ಅದುರುತ್ತದೆ, ಆ ಅದುರು ಪಿಕಪ್ಪಿಗೆ ಸೇರುತ್ತದೆ, ಮತ್ತೆ ಆಂಪಿನಿಂದ ಹೊರಟು ಬರುತ್ತದೆ, ಕೊನೆಗೆ ಊಳಿಡುತ್ತದೆ. ಇದೇ ಫೀಡ್‌ಬ್ಯಾಕ್. ಅರೆಟೊಳ್ಳು ಗಿಟಾರಿನಲ್ಲೇ ಇದರ ಕಾಟ ತಾಳದೆ ಬಿ.ಬಿ. ಕಿಂಗ್ ಕಂಡಿಗಳಿಗೆ ಬಟ್ಟೆ ತುರುಕುತ್ತಿದ್ದ. 1980ರಲ್ಲಿ ಅವನ ಹೆಸರಿನಲ್ಲಿ ಬಂದ ಲೂಸಿಲ್ ಮಾದರಿಯಲ್ಲಿ ಕಂಡಿಯೇ ಇಲ್ಲ. ಕೊರೆದದ್ದು ಸೃಷ್ಟಿ, ತುರುಕಿದ್ದು ಸ್ಥಿತಿ, ಮುಚ್ಚಿದ್ದು ಲಯ.

ಪಿಕಪ್ಪಿನಲ್ಲಿ ಮುಖ್ಯ ಮತಗಳು ಎರಡು. ಏಕಸುರುಳಿವಾದಿಗಳ ಆಚಾರ್ಯಸ್ಥಾನದಲ್ಲಿರುವುದು 1946ರ ಪಿ-90. ದನಿ ದಪ್ಪ, ಅಂಚು ಚುರುಕು. ಆದರೆ ಗೋಡೆಯೊಳಗಿನ ಕರೆಂಟಿನ ಗುಂಯ್‌ಕಾರವನ್ನೂ ಭಕ್ತಿಯಿಂದ ಕೇಳಿಸಿಕೊಳ್ಳುತ್ತದೆ. ದ್ವಿಸುರುಳಿವಾದವನ್ನು ಗಿಬ್ಸನ್‌ನ ಸೆತ್ ಲವರ್, ಗ್ರೆಚ್ ಗಿಟಾರುಗಳಿಗಾಗಿ ರೇ ಬಟ್ಸ್, ಇಬ್ಬರೂ 1950ರ ದಶಕದ ನಡುವಿನಲ್ಲಿ ಬೇರೆಬೇರೆಯಾಗಿ ಕಂಡುಕೊಂಡರು. ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ, ಅಯಸ್ಕಾಂತದ ಧ್ರುವಗಳನ್ನೂ ಅದಲುಬದಲು ಮಾಡಿದರೆ ಗುಂಯ್‌ಕಾರ ಕಳೆದುಹೋಗುತ್ತದೆ, ತಂತಿಯ ನಾದ ಕೂಡುತ್ತದೆ. ಜಗಳಗಂಟ ಅಣ್ಣತಮ್ಮಂದಿರು ಹೊರಗಿನವರ ಚಾಡಿಯನ್ನು ಪರಸ್ಪರ ಹೊಡೆದುಹಾಕಿ ಮನೆಯ ಮಾತಿಗೆ ಮಾತ್ರ ದನಿಗೂಡಿಸಿದಂತೆ.

ಇಲ್ಲಿ ಪಾಶ್ಚಾತ್ಯ ವಿದ್ವಾಂಸರು ಗಮನಿಸದ ಒಂದು ಸೂಕ್ಷ್ಮವಿದೆ. ಅಮೆರಿಕದ ಕರೆಂಟು 60 ಹರ್ಟ್ಜ್, ನಮ್ಮದು 50. ಅನುಪಾತ ಆರಕ್ಕೆ ಐದು. ಅಂದರೆ ನಮ್ಮ ಗುಂಯ್‌ಕಾರ ಷಡ್ಜವಾದರೆ ಅವರದು ಸಾಧಾರಣ ಗಾಂಧಾರ. ಪಿ-90ರ ಗುಂಯ್‌ಕಾರವನ್ನು ಮೆಚ್ಚಿಕೊಂಡ ಅಮೆರಿಕದ ಅಭಿಪ್ರಾಯಗಳನ್ನು ಬೆಂಗಳೂರಿನಲ್ಲಿ ಓದುವಾಗ ಶ್ರುತಿ ಇಳಿಸಿಕೊಂಡು ಓದಬೇಕು.

ಶಾಸನಾಧಾರಗಳಿಗೆ ಬರೋಣ. ಸೆತ್ ಲವರ್ 1955ರಲ್ಲಿ ಅರ್ಜಿ ಹಾಕಿದ; ಪೇಟೆಂಟ್ ಕೈಗೆ ಬಂದದ್ದು 1959ರಲ್ಲಿ. ಆ ನಡುವೆ ಪಿಕಪ್ಪಿನ ಬೆನ್ನಿಗೆ 'ಪೇಟೆಂಟಿಗೆ ಅರ್ಜಿ ಹಾಕಿದೆ' ಎಂಬ ಅರ್ಥದ ಪುಟ್ಟ ಚೀಟಿ ಅಂಟಿಸಿದರು. ಅದರ ಮೊದಲಕ್ಷರಗಳೇ ಪಿಎಎಫ್ ಎಂಬ ಬೀಜಮಂತ್ರ. ಅರ್ಜಿ ವಿಲೇವಾರಿಯಾಗದ ಸ್ಥಿತಿಗೆ ಇಷ್ಟು ಪೂಜೆ ಸಲ್ಲುವುದನ್ನು ನಮ್ಮ ತಾಲ್ಲೂಕು ಕಚೇರಿಗಳೂ ಕಂಡಿಲ್ಲ. ಮುಂದೆ ಪೇಟೆಂಟಿನ ಸಂಖ್ಯೆಯಿರುವ ಚೀಟಿ ಬಂತು: 2,737,842. ಹುಡುಕಿ ನೋಡಿದರೆ ಅದು ಪಿಕಪ್ಪಿನದಲ್ಲ, ಗಿಟಾರ್ ವಾದಕ ಲೆಸ್ ಪಾಲ್‌ಗೆ ಸೇರಿದ, ತಂತಿ ಸಿಕ್ಕಿಸುವ ಕೊಂಡಿಯ ಪೇಟೆಂಟು! ನಮ್ಮ ಶಾಸನತಜ್ಞರ ಭಾಷೆಯಲ್ಲಿ ಇದು ಕೂಟಶಾಸನ. ಕಣ್ತಪ್ಪೆಂದು ಒಂದು ಪಕ್ಷ, ನಕಲು ಮಾಡುವವರಿಗೆ ಬೇಕೆಂದೇ ಮಾಡಿದ ಕಣ್ಕಟ್ಟೆಂದು ಇನ್ನೊಂದು. ಇದಕ್ಕೂ ಮಿಗಿಲಾದದ್ದು ಸುರುಳಿಯ ಬಣ್ಣದ ವಿವಾದ. 1959ರ ಆಸುಪಾಸಿನ ಕೆಲವು ಪಿಕಪ್ಪುಗಳಲ್ಲಿ ಸುರುಳಿ ಸುತ್ತುವ ಚೌಕಟ್ಟು ಕಪ್ಪಗಿರದೆ ಕೆನೆಬಣ್ಣದ್ದಾಗಿದೆ. ಎರಡೂ ಕೆನೆಯಾದರೆ ಬೆಲೆ ಗಗನಕ್ಕೆ. ಆದರೆ ಮೇಲೆ ಲೋಹದ ಮುಚ್ಚಳವಿದೆ. ಮುಚ್ಚಳದ ಬೆಸುಗೆ ಬಿಚ್ಚಿದರೆ ಬೆಲೆ ಇಳಿಯುತ್ತದೆ. ನೋಡಬಾರದು, ನೋಡದೆ ನಂಬಬೇಕು, ನಂಬಿ ದುಡ್ಡು ಕೊಡಬೇಕು. ಬಣ್ಣಕ್ಕೆ ದನಿಯಿಲ್ಲವಲ್ಲ ಎಂದವನನ್ನು ಸಭೆಯಿಂದ ಹೊರಗೆ ಕಳಿಸಿದರು.

ಗುಣನಿರ್ಣಯಕ್ಕೆ ಪ್ರಮಾಣಗಳು ಮೂರು. ಮೊದಲನೆಯದು ಉಪಮಾನ: ಜೇನು, ಬೆಣ್ಣೆ, ಗಾಜು, ಹೊಗೆ. ಅಡುಗೆಮನೆಯ ಹೊರಗೆ ಇದು ನಿಲ್ಲುವುದಿಲ್ಲ. ಎರಡನೆಯದು ಅಂಕಿ: ಹಳೆಯ ಗಿಬ್ಸನ್ ಜೋಡಿಸುರುಳಿ ಏಳೂವರೆಯಿಂದ ಎಂಟು ಕಿಲೋ-ಓಮ್, ಗ್ರೆಚ್‌ನದು ನಾಲ್ಕರ ಸುಮಾರು. ಜಾತಕದಂತೆ ಇದನ್ನು ಹೋಲಿಸುವವರಿದ್ದಾರೆ. ತಂತಿಯ ದಪ್ಪ, ಅಯಸ್ಕಾಂತದ ಬಗೆ ತಿಳಿಯದೆ ಓಮ್ ಎಣಿಸುವುದು ಬರಿ ಓಂಕಾರ. ಮೂರನೆಯದೇ ನನಗೆ ಪ್ರಬಲ: ಈಗಾಗಲೇ ಮರದಲ್ಲಿರುವ ತೂತು. ಗ್ರೆಚ್‌ನ ಅಳತೆ ಬೇರೆ, ಗಿಬ್ಸನ್‌ದು ಬೇರೆ. ಹೊಸ ಕಿವಿಗಾಗಿ ತಲೆ ಕೊರೆಯುವುದು ಬೇಡ. ಟೊಳ್ಳಿಗೆ ವಿಪರೀತ ಬಲದ ಪಿಕಪ್ಪೂ ಬೇಡ. ಸುರುಳಿಯನ್ನು ಮೇಣದಲ್ಲಿ ಅದ್ದಿದ್ದರೆ ಒಳ್ಳೆಯದು. ಮೇಣವಿಲ್ಲದ ಸುರುಳಿ ತಾನೇ ಅದುರಿ ಊಳಿಗೆ ಊಳು ಸೇರಿಸುತ್ತದೆ.

ಪಿಕಪ್ಪಿನ ಎರಡು ಬದಿಯ ತಿರುಪುಗಳನ್ನು ಅರ್ಧ ಸುತ್ತು ತಿರುಗಿಸಿ ಎತ್ತರ ಬದಲಿಸಿದರೆ ದನಿ ಬೇಕಾದಷ್ಟು ಬದಲಾಗುತ್ತದೆ, ಖರ್ಚಿಲ್ಲ ಎಂಬುದು ನಾಸ್ತಿಕರ ಪೂರ್ವಪಕ್ಷ. ಇದು ನಿಜ, ಒಪ್ಪಿಕೊಂಡರೆ ಶಾಸ್ತ್ರವೇ ಉಳಿಯುವುದಿಲ್ಲವಾದ್ದರಿಂದ ತಿರಸ್ಕರಿಸಿದೆ.

ಕರ್ಮಕಾಂಡ. ಟೊಳ್ಳು ಗಿಟಾರಿಗೆ ಹಿಂಬಾಗಿಲಿಲ್ಲ. ವಾಲ್ಯೂಮು, ಟೋನು, ಜ್ಯಾಕು ಎಲ್ಲವೂ ಎಫ್ ಕಂಡಿಯ ಮೂಲಕವೇ ಹೋಗಿ ಬರಬೇಕು. ಪ್ರತಿಯೊಂದರ ಕಡ್ಡಿಗೂ ದಾರ ಕಟ್ಟಿ ಒಳಗಿಳಿಸಿ, ಆಮೇಲೆ ಆಯಾ ತೂತಿನಿಂದ ಎಳೆದುಕೊಳ್ಳುವುದು ಒಂದು ಸಂಪ್ರದಾಯ. ಕಡ್ಡಿಗೆ ಅಕ್ವೇರಿಯಮ್ಮಿನ ರಬ್ಬರ್ ನಳಿಗೆ ಸಿಕ್ಕಿಸಿ ಎಳೆಯುವುದು ಇನ್ನೊಂದು. ನಳಿಗೆ ತಂದ ದಿನ ಮನೆಯವಳು "ಇನ್ನು ಮೀನೂ ಸಾಕ್ತೀರೇನ್ರೀ?" ಎಂದಳು. ಭಾನುವಾರ ಬೆಳಿಗ್ಗೆ ಶುರುವಾದದ್ದು ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. ಕೊನೆಯ ನಟ್ ಬಿಗಿಯುವಾಗ ಜ್ಯಾಕಿನ ಉಕ್ಕಿನ ವಾಷರ್ ಬೆರಳಿನಿಂದ ಜಾರಿ ಒಳಗೆ ಬಿತ್ತು. ತಲೆಕೆಳಗೆ ಹಿಡಿದು ಕುಲುಕಿದೆ. ಕಂಡಿಯವರೆಗೆ ಬಂದು ಇಣುಕುತ್ತದೆ, ಒಳಗೆ ಹೋಗುತ್ತದೆ. ಎರಡು ದಿನ ಕಟಕಟ ಅನ್ನುತ್ತಿದ್ದದ್ದು ಮೂರನೆಯ ದಿನ ನಿಂತಿತು. ದಂತವೈದ್ಯರ ಕನ್ನಡಿ ಇಳಿಸಿ ನೋಡಿದರೆ, ಹೊಸ ಪಿಕಪ್ಪಿನ ಅಯಸ್ಕಾಂತ ಅದನ್ನು ಕೆಳಗಿನಿಂದ ಸೆಳೆದು ಅವುಚಿಕೊಂಡಿದೆ.

ಅಂದಿನಿಂದ ದನಿ ಸ್ವಲ್ಪ ಹಿತವಾದ ಹಾಗಿದೆ. ಇದು ಪಿಕಪ್ಪಿನ ಗುಣವೋ ವಾಷರಿನದೋ ಇತ್ಯರ್ಥವಾಗಬೇಕು. ಎಸ್.ಪಿ. ರಸ್ತೆಯಿಂದ ಅದೇ ಅಳತೆಯ ಇನ್ನೂ ಮೂರು ವಾಷರ್ ತಂದಿಟ್ಟಿದ್ದೇನೆ.