ಕಾಗದದ ಕಾಡು

(ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೊರಟ ಬಸ್ಸು. ಪಕ್ಕಪಕ್ಕದಲ್ಲಿ ರಂಗ, ನಿವೃತ್ತ ಮೇಷ್ಟ್ರು. ನಡುವೆ ಕಡ್ಲೆಕಾಯಿ ಪೊಟ್ಟಣ.)

ರಂಗ: ಎಂಪಿಎಂ ಕಾಗದದ ಮಿಲ್ಲಿನ ಚಿಮಣೀಲಿ ಹೊಗೇನೇ ಕಾಣಲ್ವಲ್ಲ ಮೇಷ್ಟ್ರೇ?

ಮೇಷ್ಟ್ರು: 1936ರಲ್ಲಿ ಹುಟ್ಟಿದ ಕಂಪನಿ ಕಣೋ. 2015ರ ಹೊತ್ತಿಗೆ ಕಾಗದ ಮಾಡೋದೇ ನಿಂತೋಯ್ತು.

ರಂಗ: ಅದರ ಅಕೇಶಿಯಾ ನೆಡುತೋಪು?

ಮೇಷ್ಟ್ರು: ಅದಕ್ಕೇನು! ಅರಣ್ಯ ಜಮೀನಿನ 1980ರ ಗುತ್ತಿಗೆ 2020ಕ್ಕೆ ಮುಗೀತು. ಅದೇ ವರ್ಷ ಇನ್ನೂ 40 ವರ್ಷಕ್ಕೆ ಮುಂದುವರಿಸಿದ್ರು. ಸುಮಾರು 20 ಸಾವಿರ ಹೆಕ್ಟೇರು.

ರಂಗ: ಭೇಷ್! ನಮ್ಮಜ್ಜ ಹೋದ್ಮೇಲೂ ರೇಷನ್ ಕಾರ್ಡಲ್ಲಿ ಹೆಸರು ಇರ್ಲಿ ಅಂದಿದ್ದಕ್ಕೆ ಗುಮಾಸ್ತ ಮುಖಕ್ಕೆ ಉಗಿಯೋದೊಂದು ಬಾಕಿ.

ಮೇಷ್ಟ್ರು: ನಿಮ್ಮಜ್ಜ ಸರ್ಕಾರಿ ಉದ್ಯಮ ಅಲ್ವಲ್ಲೋ.

ರಂಗ: ಹೋಗ್ಲಿ, ಅಕೇಶಿಯಾ ಬೆಳೆದ್ರೂ ಕಾಡೇ ತಾನೆ?

ಮೇಷ್ಟ್ರು: ಕಾಗದದ ಮೇಲೆ ಕಾಡೇ.

ರಂಗ: ನಮ್ಮ ತೋಟದ ಮಂಗಗಳಿಗೂ ಯಾರಾದ್ರೂ ಆ ಕಾಗದ ತೋರಿಸ್ಬೇಕು. ಅಲ್ಲಿ ಹಣ್ಣಿಲ್ಲ ಅಂತ ನಮ್ಮ ಬಾಳೆಗೊನೆಗೆ ಬರ್ತವೆ. ಓದು ಬರಲ್ಲ, ಪಾಪ!

ಮೇಷ್ಟ್ರು: ಅದಕ್ಕೇ ಶಿವಮೊಗ್ಗದಲ್ಲಿ 'ಅಕೇಶಿಯಾ ಬೇಡ' ಅಂತ ಜನ ಹೋರಾಟಕ್ಕೆ ಇಳಿದಿದ್ದು.

ರಂಗ: ಹೌದಾ? ಕರಪತ್ರ ಹಂಚಿದ್ರಾ?

ಮೇಷ್ಟ್ರು: ಹಂಚದೇ ಇರ್ತಾರಾ?

ರಂಗ: ಅದಕ್ಕೆ ಕಾಗದ ಎಲ್ಲಿಂದ ತರಿಸಿದ್ರು ಮೇಷ್ಟ್ರೇ? ನಮ್ಮೂರ ಮಿಲ್ಲು ಮುಚ್ಚಿದೆಯಲ್ಲ!

ಕಂಡಕ್ಟರ್: ಚಿಲ್ಲರೆ ತೆಗೀರಿ, ಸಿಪ್ಪೆ ಬಸ್ಸೊಳಗೆ ಹಾಕ್ಬೇಡಿ. ಪರಿಸರ, ಪರಿಸರ!