ಫೇಡೆ ಡಬ್ಬಿ

ಘಾಜಿಯಾಬಾದಿನ ಇಂದಿರಾಪುರಂನಲ್ಲಿರುವ ನಮ್ಮ ಮನೆಯ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಂದರೆ ಧಾರವಾಡ ಫೇಡೆಯ ಖಾಲಿ ಡಬ್ಬಿ. ಫೇಡೆಯ ವಾಸನೆಗೆ ಮಕ್ಕಳಿಬ್ಬರೂ ದಿನಕ್ಕೆ ನಾಲ್ಕು ಸಲ ಅದನ್ನು ತೆಗೆದು ನೋಡುತ್ತಿದ್ದರು. ಔಷಧ ಮಕ್ಕಳ ಕೈಗೆ ಸಿಗಬಾರದೆಂದು ಡಾಕ್ಟರು ಗದರಿದ ಮೇಲೆ ಡಬ್ಬಿ ಕಪಾಟಿನ ನೆತ್ತಿಗೇರಿತು. ಈಗ ಅದು ನನ್ನಾಕೆಗೂ ಎಟುಕುವುದಿಲ್ಲ, ಸ್ಟೂಲು ಹತ್ತಬೇಕು. ಸ್ಟೂಲಿನಿಂದ ಬಿದ್ದರೆ ಸುತ್ತಿಕೊಳ್ಳುವ ಬ್ಯಾಂಡೇಜು ಆ ಡಬ್ಬಿಯಲ್ಲೇ ಇದೆ.

ಥರ್ಮಾಮೀಟರ್, ಗಾಜ್ ಬಟ್ಟೆ, ಅಳತೆ ಮುಚ್ಚಳದ ಪ್ಯಾರಾಸಿಟಮಾಲ್ ಸಿರಪ್, ಓಆರ್‌ಎಸ್: ಇಷ್ಟು ಡಾಕ್ಟರರ ಪಟ್ಟಿ. ಸಿರಪ್ಪಿನ ಅಳತೆ ಮಗುವಿನ ತೂಕ ನೋಡಿ, ತಾಯಿಯ ಗಾಬರಿ ನೋಡಿ ಅಲ್ಲ ಎಂದೂ ಹೇಳಿದ್ದರು. ಧಾರವಾಡದಿಂದ ಅವ್ವ ಬಜೆ, ಓಮ, ಅಮೃತಾಂಜನ ಕಳಿಸಿದಳು. ಎದುರುಮನೆಯ ಆಂಟಿ ಸಾಸಿವೆ ಎಣ್ಣೆ ತಂದಿಟ್ಟರು. ಮಗು ಹೊಟ್ಟೆನೋವೆಂದು ಅತ್ತ ದಿನ ವಿಡಿಯೊ ಕಾಲಿನಲ್ಲಿದ್ದ ಅವ್ವನಿಗೆ ಆಂಟಿ, ‘ಹೀಂಗ್ ಲಗಾವೋ’ ಎಂದು ಹೊಕ್ಕುಳ ತೋರಿಸಿದರು. ಇಂಗು ಹಚ್ಚಿ ಎಂದು ಅವರ ಮಾತು. ಅವ್ವನಿಗೆ ತಲೆಬಿಸಿ: ‘ಹೀಂಗ ಅಂದ್ರ ಹ್ಯಾಂಗ? ಸರಿಯಾಗಿ ಹೇಳಂತ ಹೇಳೋ ಆಕಿಗೆ!’

ಭೇದಿಯಾದಾಗ ಅವ್ವ ಉಪ್ಪು-ಸಕ್ಕರೆ ನೀರು ಕುಡಿಸು ಎಂದರೆ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಡಾಕ್ಟರು ಓಆರ್‌ಎಸ್ ಬರೆದಾಗ ಓಡಿದೆ. ಶಂಖದಿಂದ ಬಂದರೇ ತೀರ್ಥ. 1971ರಲ್ಲಿ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ ಸಲೈನು ಸಾಲದಾದಾಗ ಡಾ. ದಿಲೀಪ್ ಮಹಲನಬಿಸ್ ಡ್ರಮ್ಮುಗಟ್ಟಲೆ ಉಪ್ಪು-ಗ್ಲೂಕೋಸ್ ನೀರು ಕುಡಿಸಿಯೇ ಜೀವ ಉಳಿಸಿದ್ದರೆಂದು ಅವ್ವನಿಗೆ ಹೇಳಿದೆ. ‘ಅಂವಾ ಶಾಣ್ಯಾ ಇದ್ದ’ ಎಂದಳು. ನಾನಂತೂ ಲೀಟರಿನ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿದು ಇನ್ನೊಮ್ಮೆ ಬೈಸಿಕೊಂಡೆ. ಗಟ್ಟಿಯಾದರೆ ಹೆಚ್ಚು ಗುಣ ಎನ್ನಲು ಅದೇನು ಫಿಲ್ಟರ್ ಕಾಫಿಯೇ?

ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಬೇಡ, ಇಪ್ಪತ್ತು ನಿಮಿಷ ತಣ್ಣನೆಯ ನಲ್ಲಿ ನೀರು ಬಿಡಿ ಎಂಬುದು ಶಾಸ್ತ್ರ. ಜೂನ್ ತಿಂಗಳಲ್ಲಿ ಇಲ್ಲಿನ ತಾರಸಿ ಟ್ಯಾಂಕಿನಿಂದ ಮಧ್ಯಾಹ್ನ ಇಳಿಯುವ ನೀರಿನಲ್ಲಿ ಬೇಳೆ ಬೇಯಿಸಬಹುದು. ಹಾಗಾಗಿ ಬೆಳಗಿನ ಜಾವ ತುಂಬಿಟ್ಟ ಒಂದು ಬಕೆಟ್ಟೂ ನಮ್ಮ ಪ್ರಥಮ ಚಿಕಿತ್ಸೆಯ ಸಾಮಾನು. ನವೆಂಬರಿನ ಹೊಗೆಗೆ ತಂದ ನೆಬ್ಯುಲೈಸರ್ ಡಬ್ಬಿಯಲ್ಲಿ ಹಿಡಿಸದೆ ದೇವರ ಗೂಡಿನ ಪಕ್ಕ ಕೂತಿದೆ. ಊದಿನಕಡ್ಡಿಗೂ ಅದಕ್ಕೂ ಆಗಿಬರುವುದಿಲ್ಲ.

ಬ್ಯಾಂಡೇಡು ಹುಟ್ಟಿದ್ದು 1920ರಲ್ಲಿ. ಅಡುಗೆಮನೆಯಲ್ಲಿ ಪದೇ ಪದೇ ಬೆರಳು ಕುಯ್ದುಕೊಳ್ಳುತ್ತಿದ್ದ ಹೆಂಡತಿಗಾಗಿ ಅರ್ಲ್ ಡಿಕ್ಸನ್ ಮಾಡಿಕೊಟ್ಟದ್ದು. ಮೊನ್ನೆ ಉಳ್ಳಾಗಡ್ಡಿ ಹೆಚ್ಚುತ್ತ ಬೆರಳು ಕುಯ್ದುಕೊಂಡ ಗಂಡ ಸ್ಟೂಲು ಹತ್ತಿ ನೋಡಿದರೆ ಡಬ್ಬಿಯಲ್ಲಿ ಒಂದೂ ಇಲ್ಲ. ಹಿಂದಿನ ವಾರವೇ ಗೊಂಬೆಯ ಹಣೆ, ಫ್ರಿಜ್ಜಿನ ಬಾಗಿಲು, ಆಟದ ಕಾರಿನ ಗಾಲಿ ಎಲ್ಲಕ್ಕೂ ಚಿಕಿತ್ಸೆ ಮುಗಿದಿತ್ತು. ರಕ್ತ ಕಂಡು ಸಣ್ಣವನು ಓಡಿದ. ಕರಡಿಯ ಹೊಟ್ಟೆಯ ಮೇಲಿದ್ದುದನ್ನು ಕಿತ್ತು ತಂದು, ಅದರ ಉಣ್ಣೆ ಸಮೇತ ನನ್ನ ಬೆರಳಿಗೆ ಒತ್ತಿ, ಉಫ್ ಎಂದು ಊದಿ ಹೇಳಿದ:

‘ಅಪ್ಪಾ, ಟೆಡ್ಡಿ ಈಗ ಠೀಕ್ ಆಗ್ಯಾನ.’